ಗಂಟು ಉಳಿಯಬಾರದು

ಸದ್ದು ತೆಳುವಾಯಿತು — ಅದು ಮೊದಲು ತಿಳಿದದ್ದು ಕಿವಿಗಲ್ಲ, ಅಂಗಾಲಿಗೆ, ಹಲಗೆಯ ನಡುಕದಲ್ಲಿ ಏನೋ ಕಮ್ಮಿ, ಆಮೇಲೆ ಎಂಜಿನ್ ಬಾಯಾರಿದವರ ಹಾಗೆ ಎರಡು ಸಲ ಕೆಮ್ಮಿ ಸುಮ್ಮನಾಯಿತು, ಈಗ ಬರೀ ನೀರಿನ ಸದ್ದು, ನೀರಿನ ಮೇಲೆ ರಾಸ್ನಿಯ ಉಸಿರು. ಅಲ್ಲಾಹುವೇ, ಇಲ್ಲಿ ಬೇಡ, ಇಳಿತ ಶುರುವಾಗಿದೆ, ಈ ಸೆಳೆತ ದೋಣಿಯನ್ನು ಹವಳದ ದಿಬ್ಬದ ಕಡೆಗೇ ಒಯ್ಯುತ್ತದೆ, ಆಸ್ಪತ್ರೆಯ ದ್ವೀಪ ಅಗೋ, ಒಂದು ಹಸಿರು ಗೆರೆ, ಎಂಜಿನ್ ಇದ್ದರೆ ಅರ್ಧ ಗಂಟೆ, ಇಲ್ಲದಿದ್ದರೆ — ಹೊಟ್ಟೆಯಲ್ಲಿ ಮಗು ಅಡ್ಡ ಮಲಗಿದೆ, ನನ್ನ ಕೈಯಲ್ಲಿ ಆಗೋದಲ್ಲ ಎಂದು ಬೆಳಿಗ್ಗೆ ಅತ್ತೆಯೇ ಹೇಳಿದರು, ನೀರಿನ ಮೇಲಿನ ನಮ್ಮ ಕೇರಿಯ ಮುಕ್ಕಾಲು ಪಾಲು ಜನ ಹುಟ್ಟಿ ಬಂದದ್ದು ಆ ಕೈಗೆ. ಏನ್ರೀ, ಎಂಜಿನ್ನಿಗೂ ನೋವು ಬಂತಾ ಅಂದಳು ರಾಸ್ನಿ, ತಲೆ ಅತ್ತೆಯ ತೊಡೆಯ ಮೇಲೆ, ತುಟಿ ಬಿಳಚಿದೆ, ಆದರೂ ಚೇಷ್ಟೆ ಬಿಟ್ಟಿಲ್ಲ. ಹೂಂ, ನಿನ್ನ ನೋಡಿ ಕಲಿತಿದೆ ಅಂದೆ, ನಗಲಿಲ್ಲ, ಅವಳೂ ನಗಲಿಲ್ಲ, ಅಷ್ಟರಲ್ಲಿ ಇನ್ನೊಂದು ನೋವು ಬಂದು ಅವಳನ್ನು ಬಿಲ್ಲಿನ ಹಾಗೆ ಬಾಗಿಸಿತು. ನಿಧಾನ, ಜುಮಾಯಿಂಗ್, ನಿಧಾನ — ಎಂಜಿನ್ನಿಗೆ ಬಯ್ಬೇಡ, ಅದಕ್ಕೆ ಕುಡಿಯೋಕೆ ಏನು ಸಿಕ್ತು ಅಂತ ಕೇಳು ಎನ್ನುತ್ತಿದ್ದ ಅಪ್ಪ, ಬಾಯಲ್ಲಿ ಬೀಡಿ ಇದ್ದರೂ ಪೆಟ್ರೋಲಿನ ಹತ್ತಿರ ಹಚ್ಚುತ್ತಿರಲಿಲ್ಲ, ಸುಮ್ಮನೆ ಕಚ್ಚಿಕೊಂಡಿರುತ್ತಿದ್ದ — ಕೇಳುತ್ತೇನೆ ಅಪ್ಪಾ, ಟ್ಯಾಂಕು ಎತ್ತಿ ಕುಲುಕಿದೆ, ಅರ್ಧಕ್ಕಿಂತ ಹೆಚ್ಚಿದೆ, ಮುಚ್ಚಳದ ಮೇಲಿನ ಗಾಳಿಯ ತಿರುಪು ಸಡಿಲವಾಗಿಯೇ ಇದೆ, ಫಿಲ್ಟರಿನ ಬಟ್ಟಲಲ್ಲಿ ನೀರಿಲ್ಲ, ಇದ್ದಿದ್ದರೆ ತಳದಲ್ಲಿ ಬೇರೆಯಾಗಿ ಕೂತು ಕಾಣಿಸುತ್ತಿತ್ತು, ಪೈಪಿನ ನಡುವೆ ಪೆಟ್ರೋಲು ಏರಿಸುವ ರಬ್ಬರ್ ಬುರುಡೆ ಒತ್ತಿದೆ, ಒತ್ತಿದೆ, ಗಟ್ಟಿಯಾಗಬೇಕು, ಆಗುತ್ತಿಲ್ಲ, ಹಗ್ಗ ಎಳೆದೆ, ಒಂದು ಕೆಮ್ಮು, ಮತ್ತೆ ಒತ್ತಿದೆ, ಮೆತ್ತಗೆ, ಎಷ್ಟು ಒತ್ತಿದರೂ ಮೆತ್ತಗೆ, ಅಂದರೆ ಎಲ್ಲೋ ಗಾಳಿ ಕುಡಿಯುತ್ತಿದೆ, ಪೈಪಿನ ಉದ್ದಕ್ಕೂ ಬೆರಳಾಡಿಸಿದೆ, ಜಪಮಣಿ ಎಣಿಸುವ ಹಾಗೆ, ಒಣ, ಒಣ, ಒಣ, ಇಲ್ಲಿ ಒದ್ದೆ. ಇಲಿ ಕಡಿದ ಜಾಗ. ಕತ್ತರಿಸಿ ನಡುವೆ ತಾಮ್ರದ ಕೊಳವೆ ತೂರಿಸಿ ಹಳೆಯ ಟ್ಯೂಬಿನ ರಬ್ಬರ್ ಪಟ್ಟಿ ಸುತ್ತಿ ಬಿಗಿದಿದ್ದೆ, ಕೊಳವೆ ಇದೆ, ಪಟ್ಟಿ ಇಲ್ಲ. ಅತ್ತೆ, ಇಲ್ಲಿದ್ದ ರಬ್ಬರ್ ಪಟ್ಟಿ ಎಲ್ಲಿ? ಬಿಚ್ಚಿದೆ ಕಣಯ್ಯಾ, ಗಂಟು ಅಲ್ವಾ ಅದು? ಗಂಟೇ, ಪೆಟ್ರೋಲಿನ ಗಂಟು ಅತ್ತೆ! ಹೊಟ್ಟೆಯೊಳಗಿನ ಕೂಸಿಗೆ ಏನು ಗೊತ್ತು, ಪೆಟ್ರೋಲಿಂದೋ ಬಲೆದೋ ಅಂತ? ಸರಿಯೇ, ಬೆಳಿಗ್ಗೆ ನಾನು ರಾಸ್ನಿಯನ್ನು ಎತ್ತಿಕೊಂಡು ಏಣಿ ಇಳಿಯುವಾಗ ಅವರು ಮನೆಯ ಪೆಟ್ಟಿಗೆ, ಅಕ್ಕಿ ಡಬ್ಬ, ಬಾಗಿಲು ಎಲ್ಲ ತೆರೆದು, ಮಗಳ ಜಡೆ ಬಿಚ್ಚಿ, ತನ್ನ ತುರುಬೂ ಬಿಚ್ಚಿ, ಆಮೇಲೆ ದೋಣಿಗೆ ಇಳಿದಿದ್ದರು, ಹೆರುವವಳ ಸುತ್ತ ಒಂದು ಗಂಟೂ ಉಳಿಯಬಾರದು, ಉಳಿದರೆ ಮಗುವಿಗೆ ದಾರಿ ಬಿಗಿಯುತ್ತದೆ, ಇದನ್ನು ನಾನು ಬಲ್ಲೆ, ನನಗಿಂತ ಚೆನ್ನಾಗಿ ಯಾರು ಬಲ್ಲರು, ಮೊದಲ ಹೆರಿಗೆಯ ದಿನ ನಾನು ಹೊರಗೆ ಕೂತು ಹರಿದ ಬಲೆ ಹೆಣೆಯುತ್ತಿದ್ದೆ, ಕೈ ಸುಮ್ಮನಿರಲಾರದೆ, ಒಂದೊಂದೇ ಗಂಟು, ಒಳಗೆ ಮಗು ಅಳದೆ ಹುಟ್ಟಿತು, ರಾಸ್ನಿ ನನ್ನ ಬೆರಳುಗಳನ್ನೇ ನೋಡಿದ್ದಳು. ಅತ್ತೆ ಮಡಿಲಿನಿಂದ ಪಟ್ಟಿ ತೆಗೆದು ಚಾಚಿದರು, ತಗೋ, ನನಗೇನೂ ತೋಚ್ತಿಲ್ಲ ಅಂದರು, ಕಣ್ಣು ದಿಬ್ಬದ ಕಡೆ, ಅಲ್ಲಿ ನೀರು ಬೆಳ್ಳಗೆ ಒಡೆಯುತ್ತಿದೆ, ರಾಸ್ನಿ ಪಟ್ಟಿ ನೋಡಿದಳು, ಕಟ್ಟಬೇಡಿ, ನಿಮ್ಮ ಕಾಲಿಗೆ ಬೀಳ್ತೀನಿ, ಕಟ್ಟಬೇಡಿ, ಈಗ ಚೇಷ್ಟೆ ಇಲ್ಲ, ಈ ದನಿ ನಾನು ಕೇಳಿಯೇ ಇರಲಿಲ್ಲ. ರಬ್ಬರು ಬರೀ ರಬ್ಬರು, ದಾರಿ ಕೊಡುವವನು ಮೇಲಿದ್ದಾನೆ, ನಂಬುತ್ತೇನೆ, ಆದರೆ ಅವಳು ನೋಡುತ್ತಿರುವಾಗ ಕಟ್ಟಿದರೆ ಅವಳ ಮೈಯೇ ಬಿಗಿದುಕೊಳ್ಳುತ್ತದೆ, ಕಟ್ಟದಿದ್ದರೆ ದಿಬ್ಬ. ಗಂಟು ಹಾಕದೆ ಸುತ್ತಿ ನೋಡಿದೆ, ಪೆಟ್ರೋಲಿಗೆ ಜಾರಿ ಬಿಚ್ಚಿಕೊಂಡಿತು, ಎಸೆದುಬಿಟ್ಟೆ ಸಮುದ್ರಕ್ಕೆ, ರಾಸ್ನಿಗೆ ಕಾಣುವ ಹಾಗೆ, ಎಡಗೈಯಲ್ಲಿ ಜೋಡಣೆಯನ್ನೇ ಹಿಡಿದೆ, ಹಿಂಡಿ ಹಿಡಿದೆ, ಬುರುಡೆ ಒತ್ತಿ ಅತ್ತೆ, ಜೋರಾಗಿ, ಇನ್ನೂ, ಅಯ್ಯೋ ಗಟ್ಟಿಯಾಯ್ತು ಕಣೋ ಅಂದರು ಅತ್ತೆ, ಬಿಸ್ಮಿಲ್ಲಾ, ಬಲಗೈಯಲ್ಲಿ ಹಗ್ಗ, ಒಂದು, ಎರಡು, ಹಿಡಿಯಿತು, ಹಿಡಿಯಿತು, ಚುಕ್ಕಾಣಿ ಬಲಗೈಗೆ, ಎಡಗೈ ಮುಷ್ಟಿ, ದಿಬ್ಬ ಎರಡು ಮಾರು ದೂರದಲ್ಲಿ ಹಿಂದೆ ಸರಿಯಿತು, ಮುಷ್ಟಿ ಸ್ವಲ್ಪ ಸಡಿಲಿಸಿದರೆ ಎಂಜಿನ್ ಕೆಮ್ಮುತ್ತದೆ, ಹಿಂಡಿದರೆ ಹಾಡುತ್ತದೆ, ಬೆರಳ ಸಂದಿಯಲ್ಲಿ ಪೆಟ್ರೋಲು ಉರಿಯುತ್ತಿದೆ, ಉರಿಯಲಿ, ಮುಂಗೈ ಮರಗಟ್ಟಿತು, ಆಮೇಲೆ ಮೊಣಕೈ, ಹಸಿರು ಗೆರೆ ತೆಂಗಾಯಿತು, ತೆಂಗು ಕಟ್ಟೆಯಾಯಿತು, ಜನ ಬಂದರು, ಅವಳನ್ನು ಎತ್ತಿಕೊಂಡು ಹೋದರು, ಅತ್ತೆ ಬಿಚ್ಚಿದ ಕೂದಲಲ್ಲೇ ಹಿಂದೆ ಓಡಿದರು. ಎಂಜಿನ್ ಯಾವಾಗ ನಿಲ್ಲಿಸಿದೆನೋ. ಆಸ್ಪತ್ರೆಯ ಕಿಟಕಿಯಿಂದ ಅತ್ತೆಯ ದನಿ, ಕೂಸಿನ ಎದೆ ಬಡಿತಾ ಇದೆಯಂತೆ ಕಣೋ, ಡಾಕ್ಟ್ರು ಕೈ ಇಟ್ಟು ನೇರ ತಿರುಗಿಸ್ತಾ ಇದ್ದಾರೆ, ಪ್ರಾರ್ಥನೆ ಮಾಡು! ಮಾಡುತ್ತೇನೆ, ಎರಡೂ ಅಂಗೈ ತೆರೆದು ಮೇಲೆತ್ತಬೇಕು — ಬಲಗೈ ಎದ್ದಿತು, ಎಡಗೈ ಇನ್ನೂ ಪೈಪಿನ ಮೇಲೆ, ಐದು ಬೆರಳು ಒಂದರ ಮೇಲೊಂದು ಹೆಣೆದುಕೊಂಡು — ಯಾ ರಬ್ಬೀ, ಇದೂ ಗಂಟೇ — ಬಿಡು, ಬಿಡು, ಹೆಬ್ಬೆರಳನ್ನು ಬಲಗೈಯಿಂದ ಎಳೆಯುತ್ತೇನೆ, ಬರುವುದಿಲ್ಲ, ಕಿರುಬೆರಳು, ಬರುವುದಿಲ್ಲ, ಒಳಗೆ ಯಾರೋ ತಳ್ಳಮ್ಮಾ ತಳ್ಳು ಅನ್ನುತ್ತಿದ್ದಾರೆ, ಎಳೆಯುತ್ತೇನೆ, ಮುಷ್ಟಿ, ತಳ್ಳು, ಮುಷ್ಟಿ, ಬೆಳ್ಳಗೆ ಬಿಗಿದ ಗೆಣ್ಣುಗಳು, ಮುಷ್ಟಿ