ಸಬೀನಾಳ ಬೆಣ್ಣೆಯ ಉಪ್ಪು

ಶನಿವಾರದ ಸಂತೆಗಂಟೆ ಬಾರಿಸುವ ಮೊದಲೇ ಥಾರ್ನ್‌ವಿಕ್ ಪೇಟೆಯ ಶಿಲುಬೆಕಟ್ಟೆಯಲ್ಲಿ ಬೆಣ್ಣೆ ಮಾರುವ ಹೆಂಗಸರು ತಮ್ಮ ತಮ್ಮ ಜಾಗ ಹಿಡಿದಿದ್ದರು. ನಡುವೆ ಕಲ್ಲಿನ ಶಿಲುಬೆ, ಸುತ್ತ ಐದು ಮೆಟ್ಟಿಲು. ಯಾರ ಬುಟ್ಟಿ ಎಲ್ಲಿ ಎಂಬುದು ಅಜ್ಜಿಯರ ಕಾಲದಲ್ಲೇ ತೀರ್ಮಾನವಾಗಿತ್ತು. ಮೂರನೆಯ ಮೆಟ್ಟಿಲಲ್ಲಿ, ಮುದುಕಿ ಮೆರಿಯಲ್‌ಳ ಪಕ್ಕದ ಜಾಗ ಮಾತ್ರ ಖಾಲಿಯಿತ್ತು.

ಅದು ಸಬೀನಾಳ ಜಾಗ. ಇಪ್ಪತ್ತು ವರ್ಷ ಇಬ್ಬರೂ ಒಂದೇ ಕಂಬಳಿ ಹೊದ್ದು ಅಲ್ಲಿ ಕೂತಿದ್ದರು. ಎಂಥ ಚೆಂದದ ದಿನಗಳವು! ಯುದ್ಧವಾಗಲಿ, ರಾಜನ ಸಾವಾಗಲಿ, ಡಂಗುರದವನು ಕಟ್ಟೆ ಹತ್ತಿ ಮೊದಲು ಅವರ ತಲೆಯ ಮೇಲೆಯೇ ಕೂಗುತ್ತಿದ್ದ. ಅವನ ಕೂಗು ಮುಗಿದರೆ ಇವರ ಜಗಳ ಶುರು.

"ಬೆಣ್ಣೆಗೆ ಉಪ್ಪು ಹಾಕ್ತೀಯೋ, ಉಪ್ಪಿಗೆ ಬೆಣ್ಣೆ ಹಾಕ್ತೀಯೋ?" ಎಂದು ಮೆರಿಯಲ್ ರೇಗಿಸುವಳು.

"ನಿನ್ನದು ಬಾಯಿಗಿಟ್ರೂ ಗೊತ್ತೇ ಆಗಲ್ಲ, ಹೋಗೇ!" ಎಂದು ಸಬೀನಾ ನಗುವಳು.

ಕಳೆದ ಬೇಸಿಗೆಯ ಪಿಡುಗು ಸಬೀನಾಳನ್ನು ಕೊಂಡೊಯ್ದಿತು. ಮಗಳು ಐಡೊನಿ ಹೇಗೋ ಉಳಿದಳು. ಮನೆಗೆ ಹಾಕಿದ್ದ ದಿಗ್ಬಂಧನ ಮುಗಿದು ಅವಳು ಬುಟ್ಟಿ ಹೊತ್ತು ಬಂದಾಗ, "ನೀನು ಆ ಕಡೆ ಕೂತ್ಕೊಳಮ್ಮ" ಎಂದು ದನಗಳ ನೀರುತೊಟ್ಟಿಯತ್ತ ಕೈ ತೋರಿಸಿದವಳು ಮೆರಿಯಲ್ಲೇ. ಬೆರಳ ತುದಿಯಲ್ಲಿ ರುಚಿ ನೋಡದೆ ಆ ಪೇಟೆಯಲ್ಲಿ ಯಾರೂ ಬೆಣ್ಣೆ ಕೊಳ್ಳುವುದಿಲ್ಲ. ಐಡೊನಿಯ ಬೆಣ್ಣೆಗೆ ಅಂದಿನಿಂದ ಒಬ್ಬರೂ ಬೆರಳು ಹಚ್ಚಿರಲಿಲ್ಲ.

ಈ ಶನಿವಾರ ಅವಳು ನೇರ ಮೆಟ್ಟಿಲ ಬಳಿಗೇ ಬಂದಳು.

"ದೊಡ್ಡಮ್ಮ, ಇವತ್ತೂ ವ್ಯಾಪಾರ ಆಗದಿದ್ರೆ ಹಸು ಮಾರಿ ಊರು ಬಿಟ್ಟು ಹೋಗ್ತೀನಿ."

ಮೆರಿಯಲ್ ತಲೆ ಎತ್ತಲಿಲ್ಲ. "ನಂಗೂ ಮೊಮ್ಮಕ್ಕಳಿದಾರೆ ಕಣಮ್ಮ. ಭಯ ಆಗುತ್ತೆ."

"ನಂಗಿಲ್ವಾ ಭಯ? ಅಮ್ಮನ ಪಕ್ಕ ಮಲಗಿದ್ದವಳು ನಾನು. ಎಂಟು ತಿಂಗಳಾಯ್ತು, ಗಟ್ಟಿಯಾಗೇ ಇದೀನಲ್ಲ."

"ದೂರ ನಿಂತು ಮಾತಾಡೇ!" ಮೇಲಿನ ಮೆಟ್ಟಿಲಿಂದ ಯಾರೋ ಕಿರುಚಿದರು.

ಐಡೊನಿ ಎರಡು ಹೆಜ್ಜೆ ಹಿಂದೆ ಸರಿದಳು. ಹಾಗೆ ಸರಿದದ್ದೇ ಮೆರಿಯಲ್‌ಳಿಗೆ ಚುಚ್ಚಿತು. ಹುಟ್ಟಿದ ತಿಂಗಳಲ್ಲಿ ಈ ಹುಡುಗಿಯನ್ನು ಇದೇ ಕಂಬಳಿಯಲ್ಲಿ ಸುತ್ತಿ ತೊಡೆಯ ಮೇಲೆ ಮಲಗಿಸಿಕೊಂಡಿದ್ದವಳು ಅವಳು. ತನ್ನ ಬಗ್ಗೆಯೇ ನಾಚಿಕೆಯೆನಿಸಿತು.

ಮುದುಕಿ ಎದ್ದು ಮೆಟ್ಟಿಲಿಳಿದಳು. ಬುಟ್ಟಿಯ ಬಟ್ಟೆ ಸರಿಸಿ, ಬೆಣ್ಣೆಗೆ ಬೆರಳಿಟ್ಟು ಬಾಯಿಗೆ ಹಾಕಿಕೊಂಡಳು. ಕಟ್ಟೆಯ ಹೆಂಗಸರೆಲ್ಲ ತಿರುಗಿ ನೋಡಿದರು. ಮೆರಿಯಲ್‌ಳ ಮುಖ ಕಿವುಚಿಕೊಂಡಿತು, ಕಣ್ಣು ತುಂಬಿತು.

"ಥೂ, ನಿಮ್ಮಮ್ಮನ ಕೈನೇ! ಉಪ್ಪು, ಬರೀ ಉಪ್ಪು!" ಎಂದು ಪೇಟೆಗೆಲ್ಲ ಕೇಳುವಂತೆ ಕೂಗಿದಳು.

ಮತ್ತೆ ತನ್ನ ಜಾಗಕ್ಕೆ ಹೋಗಿ ಕೂತು, ಕಂಬಳಿಯ ಒಂದು ತುದಿ ಎತ್ತಿ ಹಿಡಿದಳು.

"ಬಾ, ಕೂತ್ಕೋ. ಚಳಿ ಇದೆ."