ನೀರು ಸರಿಯಾದ ದಿನ

"ನೀರು ಸರಿಯಾದ ದಿನ ನಿನ್ನನ್ನ ಒಳಕೊಲ್ಲಿಗೆ ಕರ್ಕೊಂಡು ಹೋಗ್ತೀನಿ, ಮರಿ" ಎಂದು ಅಪ್ಪ ಮಾತು ಕೊಟ್ಟಾಗ ಅವಳಿಗೆ ಒಂಬತ್ತು ವರ್ಷ. ಅಪ್ಪ ಏಡಿ ಹಿಡಿಯುವವನು. ಮನೆಯ ಹಿಂದಿನ ಕಟ್ಟೆಯ ಮೇಲೆ ಬುಟ್ಟಿ ಬೋರಲು ಹಾಕಿಕೊಂಡು, ಹರಿದ ಜಾಗ ಹೆಣೆಯುತ್ತ, ತಲೆ ಎತ್ತದೆ ಹೇಳಿದ್ದ. ಆಮೇಲೆ ಅವಳು ಪ್ರತಿ ಭಾನುವಾರ ಕೇಳಿದಳು, ಪ್ರತಿ ರಜೆಯಲ್ಲಿ ಕೇಳಿದಳು. ಈ ವಾರ ನೀರು ಸರಿ ಇಲ್ಲ ಎನ್ನುವುದೇ ಉತ್ತರ. ನಿಮ್ಮಪ್ಪನ ನೀರು ಸರಿಯಾಗುವಷ್ಟರಲ್ಲಿ ಸಮುದ್ರವೇ ಬತ್ತೀತು ಎಂದು ಅಮ್ಮ ಮೂಗು ಮುರಿಯುತ್ತಿದ್ದಳು. ಕೇಳುವುದು ಯಾವಾಗ ನಿಂತಿತೋ ಅವಳಿಗೇ ನೆನಪಿಲ್ಲ. ಅದೆಲ್ಲ ಮೂವತ್ತೊಂದು ವರ್ಷದ ಹಿಂದಿನ ಮಾತು.

ಈಗ ಅವಳು ದೋಣಿವಿಹಾರದ ಕಚೇರಿಯಲ್ಲಿ ದಾರಿ ಗುರುತಿಸುವವಳು. ಅಳಿವೆಯ ಬಾಯಿಂದ ಒಳಗೆ ಕಣ್ಣು ಹಾಯಿಸಿದಷ್ಟೂ ಉಪ್ಪುಕೆಸರಿನಲ್ಲೇ ಬೇರೂರಿ ಬೆಳೆಯುವ ಕಾಂಡ್ಲಾ ಕಾಡು, ಅದರೊಳಗೆ ಬೆರಳು ಬಿಡಿಸಿದಂತೆ ಉಪ್ಪುನೀರಿನ ಕವಲುಗಳು. ಇಬ್ಬರೇ ಕೂರುವ ಸಪೂರ ದೋಣಿಯಲ್ಲಿ ಹುಟ್ಟು ಹಾಕಿಕೊಂಡು ಹೋಗುವವರಿಗೆ ಯಾವ ಕವಲಿನಲ್ಲಿ ಯಾವ ಹೊತ್ತಿಗೆ ಎಷ್ಟು ನೀರಿರುತ್ತದೆ, ಎಲ್ಲಿ ತಿರುಗಬೇಕು, ಎಲ್ಲಿ ತಲೆ ತಗ್ಗಿಸಬೇಕು ಎಂದು ನಕ್ಷೆ ಬರೆದುಕೊಡುವುದು ಅವಳ ಕೆಲಸ. ಒಂದು ಗೇಣು ನೀರಿದ್ದರೆ ದೋಣಿ ತೇಲುತ್ತದೆ, ನಾಲ್ಕು ಬೆರಳಿದ್ದರೆ ಕೂತುಬಿಡುತ್ತದೆ. ಅವಳ ವಿದ್ಯೆಯೆಲ್ಲ ಆ ಗೇಣಿಗೂ ನಾಲ್ಕು ಬೆರಳಿಗೂ ನಡುವೆ ಇತ್ತು.

ಈ ವರ್ಷದ ನಾಲ್ಕು ದಾರಿಗಳಲ್ಲಿ ಮೂರು ಮುಗಿದಿದ್ದವು. ನಾಲ್ಕನೆಯದು ಕಾಡಿನ ನಡುವಿನ ಒಳಕೊಲ್ಲಿಗೆ ಹೋಗಬೇಕು. ಅಲ್ಲಿಗೆ ಬಂದರೆ ನಕ್ಷೆ ಬೆಳ್ಳಗೆ ಖಾಲಿ. ಸೋಮವಾರದೊಳಗೆ ಆ ಬಿಳಿಯ ಮೇಲೆ ಗೆರೆ ಬೀಳದಿದ್ದರೆ ಕೆಲಸ ಇನ್ನೊಬ್ಬರಿಗೆ ಹೋಗುತ್ತದೆ ಎಂದು ಸಾಹೇಬರು ನಗುನಗುತ್ತಲೇ ಹೇಳಿದ್ದರು. ಗಂಡ ಎರಡನೇ ಪಾಳಿಗೆ ಹೋಗುವವನು, ಮಗಳು ಮೂರನೇ ತರಗತಿ. ಕೆಲಸ ಬಿಡುವ ಮಾತು ಆಡುವ ಹಾಗೇ ಇರಲಿಲ್ಲ. ಗುರುವಾರ ಸಂಜೆ ಅಪ್ಪನ ಮುಂದೆ ನಕ್ಷೆ ಹರಡಿದಳು. ಅಪ್ಪ ಅದನ್ನು ನೋಡಲೇ ಇಲ್ಲ. ಗೋಡೆಯ ಕ್ಯಾಲೆಂಡರಿನಲ್ಲಿ ಹುಣ್ಣಿಮೆ ಕಳೆದು ಎಷ್ಟು ದಿನವಾಯಿತೆಂದು ಬೆರಳಿಟ್ಟು ಎಣಿಸಿ, ನಾಳೆಯೇ ಹೋಗೋಣ ಎಂದ. ಇಷ್ಟು ಸಲೀಸಾಗಿ ಒಪ್ಪಿದ್ದು ಕಂಡು ಅವಳಿಗೇ ಕಸಿವಿಸಿಯಾಯಿತು.

ಬೆಳಿಗ್ಗೆ ಅಪ್ಪ ಒಂದು ಕ್ಯಾನು ಕುಡಿಯುವ ನೀರು, ತುಂಬಿದ ಬುತ್ತಿ ಮತ್ತು ಎರಡು ಕೊಡೆ ಹಿಡಿದು ದಂಡೆಗೆ ಬಂದ. ಆಕಾಶದಲ್ಲಿ ಹತ್ತಿಯಷ್ಟು ಮೋಡವೂ ಇರಲಿಲ್ಲ.

"ಎಲ್ಲಿಗಪ್ಪಾ, ಮದುವೆಗಾ?" ಎಂದಳು.

"ವಯಸ್ಸಾದವರನ್ನ ಆಡ್ಕೋಬಾರ್ದು" ಎಂದು ಅಪ್ಪ ಮುಂದಿನ ಹಲಗೆಯ ಮೇಲೆ ಕೂತ.

ಅವಳ ಲೆಕ್ಕ ಪಕ್ಕಾ ಇತ್ತು. ಉಬ್ಬರದ ಪಟ್ಟಿಯ ಪ್ರಕಾರ ಅಳಿವೆಯಲ್ಲಿ ಎಂಟೂವರೆಗೆ ನೀರು ತುಂಬುತ್ತದೆ. ಕವಲು ಉದ್ದವಾದಷ್ಟೂ ಒಳಗೆ ನೀರು ತಡವಾಗಿ ಏರಿ ತಡವಾಗಿ ಇಳಿಯುತ್ತದೆ. ಒಳಕೊಲ್ಲಿಯಲ್ಲಿ ಹತ್ತಕ್ಕೆ ತುಂಬಿದರೆ ಹನ್ನೆರಡರವರೆಗೂ ಗೇಣು ನೀರಿಗೆ ಮೋಸವಿಲ್ಲ. ಒಂದು ಗಂಟೆ ಅಳೆದು, ಮೂರೂವರೆಗೆ ಮಗಳ ಶಾಲೆಯ ಗೇಟಿನಲ್ಲಿ ನಿಲ್ಲಬಹುದು. ಅಪ್ಪನಿಗೆ ಎರಡೆರಡು ಸಲ ವಿವರಿಸಿದಳು. ಪಟ್ಟಿ ಓದಿದವಳು ನೀನು ತಾನೆ ಎಂದಷ್ಟೇ ಅವನು ಹೇಳಿದ.

ಕವಲು ಕಿರಿದಾಗುತ್ತ ಹೋಯಿತು. ಎರಡೂ ದಡದ ಮರಗಳು ತಲೆಯ ಮೇಲೆ ಕೈ ಕೈ ಹಿಡಿದುಕೊಂಡವು. ಬೆಳಕು ಎಲೆಗಳಲ್ಲಿ ಸೋಸಿ ಹಸಿರಾಗಿ ಬೀಳುತ್ತಿತ್ತು. ಅಪ್ಪ ತಿರುಗಿ ನೋಡದೆ ಎಡಗೈ ಎತ್ತಿದರೆ ಎಡಕ್ಕೆ, ಬಲಗೈ ಎತ್ತಿದರೆ ಬಲಕ್ಕೆ. ದೋಣಿಯ ತಳದಲ್ಲಿ ಯಾರೋ ಒಣಪುಳ್ಳೆ ಮುರಿದಂತೆ ಚಟಚಟ ಸದ್ದು ಶುರುವಾಯಿತು. ಹಲಗೆ ಬಿರುಕು ಬಿಡುತ್ತಿದೆಯೇ ಎಂದು ಅವಳು ಬಗ್ಗಿ ಕಿವಿಗೊಟ್ಟಳು. ಸಿಗಡಿ ಕೊಂಡಿ ಬಡಿಯೋದು ಅದು, ಸಾವಿರಗಟ್ಟಲೆ ಇರ್ತಾವೆ ಎಂದು ಅಪ್ಪ ಮೆಲ್ಲಗೆ ಹೇಳಿದ. ಆಮೇಲೆ ಕೊನೆಯ ಕೊಂಬೆಯನ್ನು ಮೊಣಕೈಯಿಂದ ಸರಿಸಿದ.

ಕೊಲ್ಲಿ ತೆರೆದುಕೊಂಡಿತು. ಅಷ್ಟು ಅಗಲವಿರಬಹುದೆಂದು ಅವಳು ಎಣಿಸಿರಲಿಲ್ಲ. ನೀರು ಅಲುಗದೆ ನಿಂತಿತ್ತು. ಆಚೆಯ ದಡ ಎಲ್ಲಿ ಮುಗಿಯಿತು, ಅದರ ನೆರಳು ಎಲ್ಲಿಂದ ಶುರುವಾಯಿತು ಎಂದು ಹೇಳುವಂತಿರಲಿಲ್ಲ. ಆದರೆ ನಿಂತು ನೋಡುವುದಕ್ಕೆ ಹೊತ್ತೆಲ್ಲಿ? ಹುಟ್ಟನ್ನು ನೀರಿಗಿಳಿಸಿ ಆಳ ಅಳೆಯುತ್ತ, ಬರೆದುಕೊಳ್ಳುತ್ತ, ನಟ್ಟನಡುವೆ ಬಂದಳು. ಒಂದೂವರೆ ಗೇಣು. ಒಂದು ಗೇಣು. ಮತ್ತೆ ಅಳೆದಳು. ಆರು ಬೆರಳು. ಹತ್ತೂ ಕಾಲು ಗಂಟೆಗೆ ದೋಣಿ ನಿಟ್ಟುಸಿರು ಬಿಟ್ಟಂತೆ ಸದ್ದು ಮಾಡಿ ಕೂತಿತು.

ಅವಳು ಹುಟ್ಟನ್ನು ಊರಿ ತಳ್ಳಿದಳು. ಅದು ತೋಳುದ್ದ ಕೆಸರಿನೊಳಗೆ ಇಳಿಯಿತು, ಎಳೆದರೆ ಮೇಲೆ ಬರಲೊಲ್ಲದು. ಇಳಿದು ತಳ್ಳೋಣವೆಂದರೆ ಅದೇ ಕೆಸರು ಸೊಂಟದವರೆಗೆ ನುಂಗುತ್ತದೆ. ಫೋನಿಗೆ ಸಿಗ್ನಲ್ ಇಲ್ಲ. ಮೂರೂವರೆಗೆ ಗೇಟಿನ ಹತ್ತಿರ ಚೀಲ ಹೊತ್ತು ನಿಂತ ಮಗಳು ಕಣ್ಣ ಮುಂದೆ ಬಂದಳು. ಅಪ್ಪ ಮಾತ್ರ ಹುಟ್ಟನ್ನು ಅಡ್ಡ ಇಟ್ಟು, ಕೊಡೆ ಬಿಚ್ಚಿ, ಇನ್ನೊಂದನ್ನು ಅವಳ ಕಡೆ ಚಾಚಿದ.

"ಸ್ಕೂಲಿಗೆ ಹೋಗೋಕೆ ನಿಮ್ಮಮ್ಮಂಗೆ ಬೆಳಿಗ್ಗೇನೇ ಹೇಳಿದೀನಿ" ಎಂದ.

ಅವಳು ಕೊಡೆಯನ್ನು ನೋಡಿದಳು, ನೀರಿನ ಕ್ಯಾನನ್ನು ನೋಡಿದಳು. "ನಿನಗೆ ಗೊತ್ತಿತ್ತು."

ಈ ಕೊಲ್ಲಿಗೆ ಬೆನ್ನಲ್ಲೂ ಒಂದು ಬಾಯಿದೆ ಎಂದು ಅಪ್ಪ ವಿವರಿಸಿದ. ಮರ ಮುಚ್ಚಿಕೊಂಡಿದೆ, ಮೇಲಿನಿಂದ ತೆಗೆದ ಫೋಟೋದಲ್ಲಿ ಕಾಣುವುದಿಲ್ಲ. ಹುಣ್ಣಿಮೆ ಕಳೆದ ಎರಡು ಮೂರು ದಿನ ಮುಂದಿನ ಬಾಯಲ್ಲಿ ನೀರು ಇನ್ನೂ ನಿಂತಿರುವಾಗಲೇ ಹಿಂದಿನ ಬಾಯಿಂದ ನೀರು ಹರಿದುಹೋಗಿ ಕೊಲ್ಲಿ ಪೂರಾ ಖಾಲಿಯಾಗುತ್ತದೆ. ಏಡಿಯವರು ಆ ದಿನ ಇತ್ತ ತಲೆ ಹಾಕುವುದಿಲ್ಲ. ನೀರು ತಿರುಗಿ ಬರುವುದು ನಾಲ್ಕು ದಾಟಿದ ಮೇಲೆ.

ಸಿಟ್ಟು ಅವಳ ನೆತ್ತಿಗೇರಿತು. ಸೋಮವಾರ ತಾನು ಸಾಹೇಬರಿಗೆ ಏನು ಮುಖ ತೋರಿಸಲಿ, ಮೊದಲೇ ಬಾಯಿ ಬಿಡಲು ಏನಾಗಿತ್ತು ಎಂದು ಹರಿಹಾಯ್ದಳು. ಎಲ್ಲ ಮುಗಿಯುವವರೆಗೂ ಅಪ್ಪ ಕೇಳಿಸಿಕೊಂಡ.

"ಹೇಳಿದ್ರೆ ಹತ್ತು ನಿಮಿಷ ಅಳತೆ ಮಾಡ್ಕೊಂಡು ಹೊರಟುಬಿಡ್ತಿದ್ದೆ" ಎಂದ. "ಸುಮ್ನೆ ಆ ಕಡೆ ನೋಡು."

ಕೊನೆಯ ಪೊರೆಯಷ್ಟು ನೀರು ಜಾರಿಹೋಗುತ್ತಿತ್ತು. ಅದು ಹೋಗುತ್ತ ಕೆಸರಿನ ಮೇಲೆ ಗೆರೆ ಕೊರೆಯುತ್ತಿತ್ತು. ಕೂದಲೆಳೆಯಂಥ ಗೆರೆಗಳು ಸೇರಿ ದಾರವಾಗಿ, ದಾರಗಳು ಸೇರಿ ಬೆರಳಾಗಿ, ಇಡೀ ಕೊಲ್ಲಿಯ ತಳದಲ್ಲಿ ಎಲೆಯಿಲ್ಲದ ಮಹಾಮರವೊಂದು ಮಲಗಿದಂತೆ ಕಂಡಿತು. ಏಳು ವರ್ಷ ಅವಳು ಕಾಗದದ ಮೇಲೆ ಎಳೆದ ಕವಲುಗಳೆಲ್ಲ ಇಲ್ಲಿ ಹುಣ್ಣಿಮೆ ಹುಣ್ಣಿಮೆಗೂ ಯಾರ ಕೈಯೂ ಇಲ್ಲದೆ ಮೂಡಿ ಅಳಿಸಿಹೋಗುತ್ತಿದ್ದವು. ಆಮೇಲೆ ಕೆಸರು ಎದ್ದಿತು. ಹಾಗೆಂದೇ ಅವಳಿಗೆ ಅನಿಸಿದ್ದು. ಉಗುರಿನಷ್ಟು ಪುಟ್ಟ ಏಡಿಗಳು ಬಿಲದಿಂದ ಹೊರಬಿದ್ದು, ತಮಗಿಂತ ದೊಡ್ಡದಾದ ಒಂದೊಂದೇ ಕೆಂಪು ಕೊಂಡಿಯನ್ನು ಎತ್ತಿ ಇಳಿಸತೊಡಗಿದವು. ನೂರಲ್ಲ, ಸಾವಿರವಲ್ಲ, ಕಣ್ಣು ಹೋದಲ್ಲೆಲ್ಲ. ಕೊಲ್ಲಿ ಪೂರ್ತಿ ಯಾರನ್ನೋ ಕೈಬೀಸಿ ಕರೆಯುತ್ತಿತ್ತು. ನಂತರ ಹಕ್ಕಿಗಳು ಬಂದವು. ಮೊದಲು ಒಂದು ಬೆಳ್ಳಕ್ಕಿ, ಹಿಂದೆಯೇ ಬಿಳಿಯ ಒಂದು ಹಿಂಡು, ಕಂದು ಬಣ್ಣದ ಇನ್ನೊಂದು. ರೆಕ್ಕೆಗಳ ಗಾಳಿ ಅವಳ ಹಣೆಯ ಕೂದಲು ಹಾರಿಸಿತು. ದೋಣಿಯನ್ನು ಅವು ಲೆಕ್ಕಕ್ಕೇ ಇಟ್ಟುಕೊಳ್ಳದೆ ಮೂರು ಮಾರು ದೂರದಲ್ಲಿ ಇಳಿದವು.

ಅವಳ ಕೈಯಲ್ಲಿ ಪೆನ್ಸಿಲ್ ಹಾಗೇ ಇತ್ತು. ಎಷ್ಟೋ ಹೊತ್ತಿನ ಮೇಲೆ ನೋಡಿಕೊಂಡರೆ ಗಂಟೆ ಒಂದಾಗಿತ್ತು. ಊಟ ಮುಗಿಸಿದರು. ಬಿಸಿಲಿಗೆ ಕೆಸರು ಪಿಸುಗುಡುತ್ತಿತ್ತು. ನೀನು ಇದನ್ನು ಮೊದಲು ನೋಡಿದ್ದು ಯಾವಾಗ ಎಂದು ಕೇಳಿದಳು.

"ಎರಡು ಸಲ ನೋಡಿದೀನಿ. ಮೊದಲ್ನೇ ಸಲ ತಿಳೀದೆ ಸಿಕ್ಕಿಹಾಕ್ಕೊಂಡಿದ್ದು. ಎರಡನೇ ಸಲ ಬೇಕಂತ. ಅವತ್ತು ಬರಿಗೈಲಿ ಮನೆಗೆ ಹೋದೆ, ನಿಮ್ಮಮ್ಮ ಮೂರು ದಿನ ಮಾತಾಡಲಿಲ್ಲ."

"ಮತ್ತೆ ನನ್ನನ್ನ ಯಾಕೆ ಕರ್ಕೊಂಡು ಬರಲಿಲ್ಲ?"

ಅಪ್ಪ ಕೊಡೆಯನ್ನು ಇನ್ನೊಂದು ಹೆಗಲಿಗೆ ಬದಲಿಸಿಕೊಂಡ. "ಇಲ್ಲಿಗೆ ಬಂದ್ರೆ ಒಂದು ದಿನ ಪೂರ್ತಿ ಹೋಗುತ್ತೆ. ದಿನವಿಡೀ ಸುಮ್ನೆ ಕೂರೋ ಪುರುಸೊತ್ತು ನನಗೆಲ್ಲಿತ್ತು, ಮರಿ? ನನಗೆ ಸಿಕ್ಕೋ ಹೊತ್ತಿಗೆ ನಿನಗಿರಲಿಲ್ಲ."

ಅವಳು ನಕ್ಷೆಯನ್ನು ತೊಡೆಯ ಮೇಲೆ ಹರಡಿ, ಆ ಬಿಳಿಯೊಳಗೆ ಕವಲಿನ ತುದಿಯಿಂದ ಕೊಲ್ಲಿಯ ನಡುವಿನವರೆಗೆ ನಾಲ್ಕನೆಯ ಗೆರೆ ಎಳೆದಳು. ಬೆನ್ನಿನ ಬಾಯಿಯನ್ನು ಅಪ್ಪ ಬೆರಳಿಟ್ಟು ತೋರಿಸಿದಲ್ಲಿ ಗುರುತು ಮಾಡಿದಳು. ಪಕ್ಕದಲ್ಲಿ ಬರೆದಳು: ದೂರ, ಎರಡೂವರೆ ಕಿಲೋಮೀಟರ್. ಸಮಯ, ಒಂದು ದಿನ. ಸಾಹೇಬರು ಇದನ್ನು ಓದಿ ತಲೆ ಎತ್ತುವ ಬಗೆಯನ್ನು ನೆನೆದು ನಗು ಬಂತು. ಅಳಿಸಲಿಲ್ಲ. ಕೆಳಗೆ ಇನ್ನೊಂದು ಸಾಲು ಸೇರಿಸಿದಳು: ಕೊಡೆ ತರತಕ್ಕದ್ದು.

ನಾಲ್ಕೂ ಇಪ್ಪತ್ತಕ್ಕೆ ಹಕ್ಕಿಗಳು ಒಮ್ಮೆಗೇ ಎದ್ದವು. ಏಡಿಗಳು ಬಿಲಕ್ಕಿಳಿದು ಒಂದೊಂದು ಉಂಡೆ ಮಣ್ಣಿನಿಂದ ಬಾಗಿಲು ಮುಚ್ಚಿಕೊಂಡವು. ಮರಗಳ ಬೆನ್ನಿನಿಂದ ನಾಲ್ಕು ಬೆರಳು ನೀರು ಸದ್ದಿಲ್ಲದೆ ಹರಿದು ಬಂದು, ಗೆರೆಗಳನ್ನು ಒಂದೊಂದಾಗಿ ತುಂಬುತ್ತ, ದೋಣಿಯ ಮೂತಿಯನ್ನು ಮುಟ್ಟಿತು. ಅದು ಗೇಣಾಗುವವರೆಗೆ ಇಬ್ಬರೂ ಹುಟ್ಟು ಮುಟ್ಟಲಿಲ್ಲ.

ಅಪ್ಪ ಕೊಟ್ಟ ಮಾತು ನಡೆಸಿದ್ದ.