ತಣ್ಣನೆಯ ಗಾಳಿ ಬರುವ ಕಡೆ

ಆ ಸೀರೆಯನ್ನು ಕಿತ್ತೆಸೆಯಬೇಕೆಂದೇ ನಾನು ಹಿಡಿದೆಳೆದೆ. ಇನ್ನೊಂದು ಸಲ ಜೋರಾಗಿ ಎಳೆದಿದ್ದರೆ ಏನಾಗುತ್ತಿತ್ತು ಎಂದು ಇವತ್ತಿಗೂ ನೆನೆಯುತ್ತೇನೆ. ಅದನ್ನು ಹೇಳುವ ಮೊದಲು ಆ ಯಂತ್ರದ ಕಥೆ ಹೇಳಬೇಕು. ಅದಕ್ಕೂ ಮೊದಲು ನನ್ನ ಬಾಯಿಯ ಕಥೆ.

ನನ್ನ ಹೆಸರು ಮಂಜೂರ್. ಮನೆ ಶಿವಾಜಿನಗರದಲ್ಲಿ, ಕೆಲಸ ಕಮ್ಮನಹಳ್ಳಿಯ ಒಂದು ಸಣ್ಣ ಕಂಪನಿಯಲ್ಲಿ. ಈಜುಕೊಳದ ನೀರು ಬಿಸಿ ಮಾಡುವ ಹೀಟ್ ಪಂಪುಗಳನ್ನು ರಿಪೇರಿ ಮಾಡುತ್ತೇನೆ. ಇಪ್ಪತ್ತೆರಡು ವರ್ಷದ ಅನುಭವ. ನನಗೊಂದು ಚಾಳಿ ಇದೆ. ಯಂತ್ರದ ಬಾಗಿಲು ತೆಗೆದೆನೆಂದರೆ ಪಾಠ ಶುರು. ಪಕ್ಕದಲ್ಲಿ ಯಾರೇ ನಿಂತಿರಲಿ, ಕೇಳದಿದ್ದರೂ ಹೇಳುತ್ತೇನೆ: ಇದು ಗೀಸರ್ ಅಲ್ಲ, ಹೊರಗಿನ ಗಾಳಿಯ ಬಿಸಿಯನ್ನು ಹೀರಿ ನೀರಿಗೆ ಕೊಡುತ್ತದೆ, ಬಿಸಿ ಕಳೆದುಕೊಂಡ ಗಾಳಿ ಈ ಕಡೆಯಿಂದ ತಣ್ಣಗೆ ಹೊರಬರುತ್ತದೆ. ಸತ್ತ ಮೇಲೆ ಲೆಕ್ಕ ಕೇಳಲು ಬರುವ ಫರಿಷ್ತೆಗಳಿಗೂ ಈ ಪಾಠ ತಪ್ಪಿದ್ದಲ್ಲ ಎಂದು ನನ್ನ ಹೆಂಡತಿ ಖುರ್ಷೀದಾ ಹಂಗಿಸುತ್ತಾಳೆ.

ಮಹದೇವಪುರದ ಆ ಅಪಾರ್ಟ್‌ಮೆಂಟಿನಲ್ಲಿ ಕೊಳ ಕ್ಲಬ್ ಹೌಸಿನ ಒಳಗಿದೆ, ಬಿಸಿಲು ಬೀಳುವುದಿಲ್ಲ. ಬೆಳಿಗ್ಗೆ ಮಂಡಿನೋವಿನ ಹಿರಿಯರು ನೀರಿನಲ್ಲಿ ವ್ಯಾಯಾಮ ಮಾಡುತ್ತಾರೆ, ಅದಕ್ಕೆ ನೀರು ಮೂವತ್ತು ಡಿಗ್ರಿ ಇರಬೇಕು. ಮಾರ್ಚ್ ತಿಂಗಳ ಮೊದಲ ವಾರ ನೀರು ತಣ್ಣಗಾಗತೊಡಗಿತು. ಯಂತ್ರ ತಾನಾಗಿ ನಿಂತುಬಿಡುತ್ತದೆ ಎಂದು ಸಮಿತಿಯ ಕಾರ್ಯದರ್ಶಿ ಜಯಮಾಲಾ ಮೇಡಂ ಫೋನ್ ಮಾಡಿದರು.

ಮೊದಲ ಸಲ ಹೋದಾಗ ಫಿಲ್ಟರಿನಲ್ಲಿ ಕೊಳೆ ತುಂಬಿತ್ತು. ನೀರು ಸರಿಯಾಗಿ ಹರಿಯದಿದ್ದರೂ ಯಂತ್ರ ನಿಲ್ಲುತ್ತದೆ. ತೊಳೆದೆ, ಓಡಿತು. ಎರಡೇ ದಿನಕ್ಕೆ ಮತ್ತೆ, ಈ ಸಲ ಮಧ್ಯಾಹ್ನದ ಹೊತ್ತು, ನಿಂತಿತು. ಎರಡನೇ ಸಲ ಗ್ಯಾಸ್ ಪ್ರೆಶರ್ ನೋಡಿದೆ, ಸರಿಯಾಗಿತ್ತು. ಮೂರನೇ ಸಲ ಸೆನ್ಸರ್ ಬದಲಾಯಿಸಿದೆ. ಪ್ರತಿಸಲವೂ ನನ್ನ ಮುಂದೆ ಯಂತ್ರ ಗುಣವಂತ ಅಳಿಯನ ಹಾಗೆ ಓಡುತ್ತಿತ್ತು, ನಾನು ಗೇಟು ದಾಟಿದ ಮೇಲೆ ಹಟ ಹಿಡಿಯುತ್ತಿತ್ತು. ಅದರ ಮೆಮೊರಿಯಲ್ಲಿ ಪ್ರೆಶರ್ ಬಿದ್ದ ದಾಖಲೆ ಇತ್ತು. ಗ್ಯಾಸ್ ಸರಿಯಿದ್ದೂ ಪ್ರೆಶರ್ ಬಿದ್ದರೆ ಗಾಳಿಗೆ ಏನೋ ಅಡ್ಡವಿದೆ ಎಂದೇ ಅರ್ಥ. ಗಾಳಿ ಆಡದಿದ್ದರೆ ಬಿಸಿ ಹೀರುವ ಕೊಳವೆಗಳ ಸುರುಳಿ, ಅಂದರೆ ಕಾಯಿಲ್ ಮೇಲೆ ಮಂಜುಗಡ್ಡೆ ಕಟ್ಟುತ್ತದೆ. ಆದರೆ ಅಲ್ಲಿ ಅಡ್ಡ ಎಂಬುದೇ ಇರಲಿಲ್ಲ. ಕ್ಲಬ್ ಹೌಸಿನ ಹಿಂದೆ ಗುಡಿಸಿಟ್ಟ ನೆಲ, ಒಂದು ಬೇವಿನ ಮರ, ಕೆಲಸದವರ ತಗಡಿನ ಕೋಣೆ, ಅಷ್ಟೇ.

ಕೊಳ ನೋಡಿಕೊಳ್ಳುವ ಪೀರಪ್ಪ ಆ ಕೋಣೆಯಲ್ಲೇ ಹೆಂಡತಿ ಮತ್ತು ಕೂಸಿನೊಡನೆ ಇದ್ದ. ಯಾದಗಿರಿ ಕಡೆಯವನು. "ಮೆಷಿನ್ ಮುಂದೆ ಏನಾದ್ರೂ ಇಡ್ತೀಯೇನಪ್ಪ?" ಎಂದು ಮೂರು ಸಲ ಕೇಳಿದೆ. "ಏನೂ ಇಲ್ರೀ ಸರ," ಎಂದ, ಮೂರು ಸಲವೂ.

ನಾಲ್ಕನೇ ದೂರು ಬಂದ ದಿನ ನಮ್ಮ ಓನರ್ ಜೀಶಾನ್ ಕುರ್ಚಿಯಿಂದ ಏಳಲೂ ಇಲ್ಲ. ಅವನ ಅಪ್ಪನ ಕಾಲದಲ್ಲಿ ನಾನೇ ಅವನನ್ನು ಸ್ಕೂಲಿಗೆ ಬಿಟ್ಟುಬರುತ್ತಿದ್ದೆ.

"ಮಂಜೂರ್ ಭಾಯ್, ಅಬ್ಬಾ ಕಾಲದಿಂದ ಇದೀರ ಅಂತ ಸುಮ್ನಿದ್ದೀನಿ. ಇವತ್ತು ಕಾರಣ ಏನು ಅಂತ ರಿಪೋರ್ಟಲ್ಲಿ ಬರ್ದು, ಮೇಡಂ ಸೈನ್ ಮಾಡಿಸ್ಕೊಂಡು ಬನ್ನಿ. ತಪ್ಪು ಅವರ ಕಡೆಯದು ಅಂತ ಪ್ರೂವ್ ಆಗ್ಬೇಕು. ನಮ್ದೇ ಅಂತಾದ್ರೆ ಟೂಲ್ ಬ್ಯಾಗ್ ಇಟ್ಬಿಟ್ಟು ಮನೆಗೆ ಹೋಗಿ."

ನನಗೆ ಮೈಯೆಲ್ಲ ಉರಿದುಹೋಯಿತು. ಯಾರೋ ಬೇಕೆಂದೇ ಆಟವಾಡುತ್ತಿದ್ದಾರೆ, ಇವತ್ತು ಕೈಯಾರೆ ಹಿಡಿಯುತ್ತೇನೆ ಎಂದುಕೊಂಡು ಹೊರಟೆ. ಗೇಟಿನಲ್ಲಿ ಹೆಸರು ಬರೆಸಿದರೆ ಸೆಕ್ಯುರಿಟಿಯವರು ಪೀರಪ್ಪನಿಗೆ ಫೋನ್ ಮಾಡುತ್ತಾರೆ. ಅದು ತಪ್ಪಬೇಕಿತ್ತು. ಮಹದೇವಪುರದಲ್ಲಿ ಯಾವ ಗೇಟಿನಲ್ಲೂ ನಿಲ್ಲಿಸದ ಗಾಡಿಯೆಂದರೆ ನೀರಿನ ಟ್ಯಾಂಕರ್. ರಸ್ತೆಯಲ್ಲಿ ಒಂದಕ್ಕೆ ಕೈ ಅಡ್ಡ ಹಿಡಿದು, ಡ್ರೈವರ್ ಪಕ್ಕ ಕೂತು, ನಡುಮಧ್ಯಾಹ್ನದ ಹೊತ್ತಿಗೆ ಒಳಗೆ ಬಂದೆ.

ಕ್ಲಬ್ ಹೌಸಿನ ಹಿಂದೆ ತಿರುಗಿದೊಡನೆ ಕಂಡಿತು. ಯಂತ್ರದ ಸುತ್ತ ಎರಡು ಬೆಡ್‌ಶೀಟು ಇಳಿಬಿಟ್ಟು ಕೋಣೆಯಂತೆ ಮಾಡಿದ್ದರು. ಅದರ ಒಳಗೆ, ತಣ್ಣನೆಯ ಗಾಳಿ ಬರುವ ಕಡೆ, ಪೈಪಿಗೂ ಬೇವಿನ ಕೊಂಬೆಗೂ ಸೇರಿಸಿ ಹಸಿರು ಸೀರೆಯೊಂದನ್ನು ಕಟ್ಟಿದ್ದರು. ಬಟ್ಟೆ ಒಣಗಿಸಲು ಇದೇ ಜಾಗ ಸಿಕ್ಕಿತೇ ಇವರಿಗೆ? ಹೊರಹೋಗಬೇಕಾದ ತಂಪುಗಾಳಿ ಅಲ್ಲೇ ಸುತ್ತಿ ಕಾಯಿಲ್ ಮೇಲೆ ಬೆಳ್ಳಗೆ ಮಂಜು ಕಟ್ಟಿತ್ತು. ಸಿಕ್ಕಿಬಿದ್ದಿರಲ್ಲ ಎಂಬ ಖುಷಿಯಲ್ಲಿ, ಪೀರಪ್ಪನ ಸುಳ್ಳಿನ ಮೇಲಿನ ಸಿಟ್ಟಿನಲ್ಲಿ, ಸೀರೆಗೆ ಕೈ ಹಾಕಿ ಎಳೆದೆ.

ಸೀರೆ ಭಾರವಾಗಿತ್ತು. ಕೊಂಬೆಯ ಕಡೆಯ ಗಂಟು ಅರ್ಧ ಸಡಿಲಾಯಿತು. ಮಡಿಕೆಯಿಂದ ಒಂದು ಪುಟ್ಟ ಪಾದ ಹೊರಬಿತ್ತು.

ಎರಡೂ ಕೈಯಲ್ಲಿ ಜೋಲಿಯನ್ನು ಕೆಳಗಿನಿಂದ ಆತುಕೊಂಡೆ. ಒಳಗೆ ಆರು ತಿಂಗಳ ಗಂಡುಕೂಸು, ಕಣ್ಣು ಮುಚ್ಚಿತ್ತು. ಪಾದ ಮುಟ್ಟಿದೆ. ಫ್ರಿಜ್ಜಿನಿಂದ ತೆಗೆದ ಸೌತೆಕಾಯಿಯ ಹಾಗೆ ತಣ್ಣಗಿತ್ತು. ಕೆನ್ನೆಯೂ ಹಾಗೇ, ತುಟಿಯ ಬಣ್ಣವೂ ಸರಿಯಿರಲಿಲ್ಲ. ಸತ್ತಿದೆ ಎಂದೇ ನಾನು ತಿಳಿದೆ. ಕೂಗಲು ಬಾಯಿ ತೆರೆದರೆ ದನಿ ಹೊರಡಲಿಲ್ಲ. ಇಪ್ಪತ್ತೆರಡು ವರ್ಷ ನಿಲ್ಲದ ಬಾಯಿ ಅದು.

ಶರ್ಟಿನ ಗುಂಡಿ ಕಿತ್ತುಹೋಯಿತು. ಕೂಸನ್ನು ಬರಿಯ ಎದೆಗೆ ಒತ್ತಿಕೊಂಡು ಬಿಸಿಲಿಗೆ ಓಡಿ, ಕಾದ ಗೋಡೆಗೆ ಒರಗಿ ಕೂತೆ. ಬೆನ್ನು ಉಜ್ಜಿದೆ, ಪಾದ ಉಜ್ಜಿದೆ, ಅಲ್ಲಾಹನನ್ನು ಕರೆದೆ. ಎಷ್ಟು ಹೊತ್ತಾಯಿತೋ ಗೊತ್ತಿಲ್ಲ. ಕೂಸು ಒಮ್ಮೆ ಮೈಮುರಿದು, ಬಿಕ್ಕಿ, ಆಮೇಲೆ ಕಿವಿ ಹರಿಯುವ ಹಾಗೆ ಅಳತೊಡಗಿತು. ನಾನೂ ಅಳುತ್ತಿದ್ದೆ.

ಅಳು ಕೇಳಿ ಪೀರಪ್ಪನ ಹೆಂಡತಿ ಭೀಮಬಾಯಿ ನೆಲ ಒರೆಸುವ ಕೋಲು ಹಿಡಿದುಕೊಂಡೇ ಓಡಿಬಂದಳು. ಮೆಟ್ಟಿಲು ಒರೆಸಲು ಹೋಗಿದ್ದಳಂತೆ.

"ಮಗೂನ ಅಲ್ಲಿ ಯಾಕಮ್ಮ ಮಲಗ್ಸಿದ್ದೆ? ತಲೆ ನೆಟ್ಟಗಿದ್ಯಾ ನಿಂಗೆ?" ಎಂದೆ.

ಅವಳು ಕೂಸನ್ನು ತೆಗೆದುಕೊಂಡು, ಪಾದ ಮುಟ್ಟಿನೋಡಿ ಬೆಚ್ಚಿದಳು. ಸೆರಗಿನೊಳಗೆ ಅವುಚಿಕೊಂಡು ನನ್ನ ಮುಖ ನೋಡಿದಳು. "ನೀವೇ ಹೇಳಿದ್ರಲ್ರೀ, ಅಣ್ಣಾರ."

"ನಾನಾ?"

"ಮೊದ್ಲ ಸಲ ಬಂದಾಗ. ಕೂಸು ಬೆವರಾಕತ್ತಿತ್ತು. ಇಲ್ಲಿ ತಂದು ಹಿಡಿಯಮ್ಮ, ಫ್ರೀ ಎಸಿ ಐತಿ ಅಂದ್ರಿ. ಹಿಡದೆ, ಸುಮ್ಮನ ಮಕ್ಕೊಂತು. ಅವತ್ತಿಂದ ದಿನಾ ಮಧ್ಯಾಹ್ನ, ಬಿಸಿಲು ಬೀಳಬಾರದು ಅಂತ ಸುತ್ತ ಬೆಡ್‌ಶೀಟ್ ಕಟ್ಟಿ, ಇಲ್ಲೇ ಹಾಕ್ತೀನ್ರೀ."

ಹೌದು, ಹೇಳಿದ್ದೆ. ಪಾಠದ ನಡುವೆ, ನಗುತ್ತಾ.

"ಮತ್ತೆ ನಾನು ಬಂದಾಗೆಲ್ಲ ಯಾಕೆ ಬಿಚ್ತಿದ್ರಿ?"

"ಹಿಂದ್ಗಡೆ ಬಟ್ಟೆ ಕಾಣಬಾರದು ಅಂತ ಮೇಡಂ ರೂಲ್ ಮಾಡ್ಯಾರ. ಹೊರಗಿನವ್ರು ಬಂದ್ರ ಬಿಚ್ಚತೀವಿ. ಮೆಷಿನ್ ಇದರಿಂದ ನಿಲ್ತೈತಿ ಅಂತ ನಮಗೇನು ಗೊತ್ರೀ. ಅದನ್ನ ನೀವು ಹೇಳಲಿಲ್ಲ."

ಅವಳು ಕೂಸಿನ ಅಂಗಿ ಎತ್ತಿ ತೋರಿಸಿದಳು. ಬೆನ್ನ ತುಂಬ ಬೆವರುಸಾಲೆ, ಕೆಲವು ಕೀವಾಗಿದ್ದವು. ತಗಡಿನ ಕೋಣೆಯೊಳಗೆ ಕಾಲಿಟ್ಟೆ. ಮಾತಿಗಲ್ಲ, ಕಾವಲಿಯ ಮೇಲೆ ನಿಂತ ಹಾಗೇ ಇತ್ತು. ಮೇಲೊಂದು ಸೀಲಿಂಗ್ ಫ್ಯಾನ್ ಇತ್ತು. ಕೆಟ್ಟು ಎರಡು ತಿಂಗಳಾಯಿತು, ಆಫೀಸಿನಲ್ಲಿ ಬರೆದುಕೊಂಡಿದ್ದಾರೆ ಎಂದಳು. ಸ್ವಿಚ್ ಹಾಕಿದೆ. ಗುಂಯ್ ಎಂದಿತು, ತಿರುಗಲಿಲ್ಲ. ಕೋಲಿನಿಂದ ರೆಕ್ಕೆ ತಳ್ಳಿದರೆ ಸೋಮಾರಿಯಂತೆ ಒಂದು ಸುತ್ತು ಬಂತು. ಕೆಪಾಸಿಟರ್ ಹೋಗಿತ್ತು. ಹೆಬ್ಬೆರಳಿನಷ್ಟು ದೊಡ್ಡ ಸಾಮಾನು. ನನ್ನ ಬ್ಯಾಗಿನ ಪಕ್ಕದ ಜೇಬಿನಲ್ಲಿ ಅಂಥವು ನಾಲ್ಕಿದ್ದವು, ಯಾವಾಗಲೂ ಇರುತ್ತವೆ. ಐದು ಹೆಜ್ಜೆ ದೂರದಲ್ಲಿ ಮೂರು ದಿನ ಕೂತು ಪಾಠ ಹೇಳಿದವನಿಗೆ ಈ ಬಾಗಿಲೊಳಗೆ ತಲೆ ಹಾಕಬೇಕೆಂದು ಅನಿಸಿರಲಿಲ್ಲ. ನನ್ನ ಮೇಲೆ ನನಗೇ ಹೇಸಿಗೆಯಾಯಿತು.

ಹತ್ತು ನಿಮಿಷದ ಕೆಲಸ. ಫ್ಯಾನ್ ತಿರುಗಿತು. ಕೂಸನ್ನು ಇವತ್ತೇ ಡಾಕ್ಟರಿಗೆ ತೋರಿಸಬೇಕೆಂದೂ, ಇನ್ನು ಯಂತ್ರದ ಹತ್ತಿರ ತರಬಾರದೆಂದೂ ಹೇಳಿದೆ. ಬೆಡ್‌ಶೀಟುಗಳನ್ನು ನಾನೇ ಬಿಚ್ಚಿ ಮಡಿಸಿ ಕೊಟ್ಟೆ. ಮಂಜು ಕರಗಿ, ಯಂತ್ರ ತನ್ನ ಪಾಡಿಗೆ ಓಡತೊಡಗಿತು.

ರಿಪೋರ್ಟಿನಲ್ಲಿ ಕಾರಣ ಎಂಬ ಜಾಗದ ಮುಂದೆ ಪೆನ್ನು ಹಿಡಿದು ಬಹಳ ಹೊತ್ತು ಕೂತೆ. ಭೀಮಬಾಯಿ ಎಂದು ಬರೆದರೆ ನನ್ನ ಕೆಲಸ ಉಳಿಯುತ್ತದೆ, ಸಂಜೆಯೊಳಗೆ ಅವರ ಕೋಣೆ ಖಾಲಿಯಾಗುತ್ತದೆ. ಬರೆದೆ: ಗಾಳಿಯ ದಾರಿಯ ಬಗ್ಗೆ ಇಲ್ಲಿಯ ಕೆಲಸದವರಿಗೆ ಮೆಕ್ಯಾನಿಕ್ ತಪ್ಪು ತಿಳುವಳಿಕೆ ಕೊಟ್ಟಿದ್ದರಿಂದ ಯಂತ್ರ ನಿಲ್ಲುತ್ತಿತ್ತು.

ಜಯಮಾಲಾ ಮೇಡಂ ಎರಡು ಸಲ ಓದಿದರು. "ಮೆಕ್ಯಾನಿಕ್ ಅಂದ್ರೆ ಯಾರ್ರೀ?"

"ನಾನೇ ಮೇಡಂ."

"ಇದನ್ನ ನಿಮ್ಮ ಓನರ್‌ಗೆ ಕಳಿಸ್ಬೇಕಾಗತ್ತೆ."

"ಕಳ್ಸಿ ಮೇಡಂ. ಆ ಕೋಣೆಯ ಫ್ಯಾನ್ ಕಂಪ್ಲೇಂಟ್ ನಿಮ್ಮ ಬುಕ್ಕಲ್ಲಿ ಎರಡು ತಿಂಗಳಿಂದ ಇದೆಯಂತೆ. ಅದನ್ನ ಹೊಡ್ದು ಹಾಕ್ಬಿಡಿ, ರಿಪೇರಿ ಆಯ್ತು."

ಅವರು ರಿಪೋರ್ಟಿಗೆ ಸಹಿ ಹಾಕಿದರು.

ವಾಪಸು ಬರುವಾಗ ಟಿನ್ ಫ್ಯಾಕ್ಟರಿ ಸಿಗ್ನಲ್ಲಿನಲ್ಲಿ ಜೀಶಾನ್ ಫೋನ್ ಬಂತು. ಕೂಗಾಡಲಿಲ್ಲ. "ಯಾಕೆ ಭಾಯ್ ಹೀಗ್ ಬರ್ದ್ರಿ?" ಎಂದ. ನಿಜ ಅದೇ ಎಂದೆ. ಬ್ಯಾಗ್ ಆಫೀಸಲ್ಲಿಟ್ಟು ಹೋಗಿ ಎಂದ.

ಇಟ್ಟುಬಂದೆ. ಸ್ಪ್ಯಾನರು, ಗೇಜು, ಟೆಸ್ಟರು, ಪಕ್ಕದ ಜೇಬಿನಲ್ಲಿ ಮೂರು ಕೆಪಾಸಿಟರು. ನಾಲ್ಕನೆಯದು ಮಹದೇವಪುರದ ತಗಡಿನ ಕೋಣೆಯಲ್ಲಿತ್ತು. ನಾನು ಅಲ್ಲಿಗೆ ಹೋದ ಮೊದಲ ದಿನವೇ ಅದು ಅಲ್ಲಿರಬೇಕಿತ್ತು.